ಕೆರೆಗೆ ಇಳಿಯುವ ಮೊದಲೇ ತಡೆಯಿರಿ

ಎಲ್ಲ ಶ್ರೋತೃಗಳಿಗೂ ನಮಸ್ಕಾರ.

ಕೆರೆಯ ಸುತ್ತ ಮನೆ ಮಾಡಿಕೊಂಡು ಬಾಳುತ್ತಿರುವವರನ್ನು ಎದುರಿಗಿಟ್ಟುಕೊಂಡು ಇಂದಿನ ಮಾತುಗಳನ್ನು ಆಡುತ್ತಿದ್ದೇನೆ. ದಡದಲ್ಲೇ ಮನೆ ಇರುವವರು, ಎರಡು ಬೀದಿ ಆಚೆಗಿರುವವರು, ಕೆರೆ ಕಣ್ಣಿಗೂ ಕಾಣದ ದಿಣ್ಣೆಯ ಮೇಲಿರುವವರು, ಎಲ್ಲರೂ ಇದರಲ್ಲಿ ಸೇರಿದ್ದಾರೆ. ನಿಮ್ಮ ಅಂಗಳದ ಮಳೆನೀರು ಹರಿಯುತ್ತ ಹೋಗಿ ಕೊನೆಗೆ ಯಾವ ಕೆರೆಯನ್ನು ಸೇರುತ್ತದೆಯೋ ಆ ಕೆರೆಯ ಜಲಾನಯನ ಪ್ರದೇಶದಲ್ಲಿ ನೀವಿದ್ದೀರಿ. ಅದರ ನೀರಿಗೆ ನೀವೂ ಹೊಣೆ. ನನಗೆ ಈ ಹೊತ್ತು ಹೇಳಲಿಕ್ಕಿರುವುದು ಒಂದೇ ಮಾತು, ಅದನ್ನು ಮೊದಲೇ ಹೇಳಿಬಿಡುತ್ತೇನೆ: ಕೆರೆಯನ್ನು ಕೆಡಿಸುವ ವಸ್ತುವನ್ನು ನೀರು ಕೆರೆಗೆ ಇಳಿಯುವ ಮೊದಲೇ ತಡೆಯಬೇಕು. ಇಳಿದ ಮೇಲೆ ಮಾಡುವ ಕೆಲಸಗಳೆಲ್ಲ ದುಬಾರಿ, ನಿಧಾನ ಮತ್ತು ಬಹುಪಾಲು ವ್ಯರ್ಥ.

ಆ ವಸ್ತು ಯಾವುದು? ನೀರಿನ ಮೇಲೆ ತೇಲುವ ಪ್ಲಾಸ್ಟಿಕ್ ಎಲ್ಲರ ಕಣ್ಣಿಗೂ ಬೀಳುತ್ತದೆ, ಹಾಗಾಗಿ ಎಲ್ಲರ ಸಿಟ್ಟೂ ಅದರ ಮೇಲೆಯೇ. ರಜಾದಿನ ನಾಲ್ಕಾರು ಮನೆಯವರು ಸೇರಿ ದಡದ ಕಸ ಹೆಕ್ಕುವುದು ಒಳ್ಳೆಯ ಕೆಲಸ, ಅದನ್ನು ಬಿಡಬೇಡಿ. ಆದರೆ ಕೆರೆ ಹಸಿರುಗಟ್ಟಿ ನಾರುವುದಕ್ಕೆ ಕಾರಣವಾದದ್ದು ಕಣ್ಣಿಗೆ ಕಾಣದ ರಂಜಕ, ಅಂದರೆ ಫಾಸ್ಫರಸ್. ಅದು ಮಲಮೂತ್ರದಲ್ಲಿದೆ, ತೋಟದ ಗೊಬ್ಬರದಲ್ಲಿದೆ, ಬಟ್ಟೆ ಮತ್ತು ಪಾತ್ರೆ ತೊಳೆಯುವ ಕೆಲವು ಪುಡಿಗಳಲ್ಲಿದೆ, ಉದುರಿ ಬಿದ್ದ ಎಲೆಗಳಲ್ಲಿದೆ, ಮಳೆಗೆ ಕೊಚ್ಚಿಹೋಗುವ ಮೇಲ್ಮಣ್ಣಿನ ಕಣಗಳಿಗೆ ಅಂಟಿಕೊಂಡಿದೆ. ಪಾಚಿ ಬೆಳೆಯಲು ಇಂಗಾಲ, ಸಾರಜನಕ, ರಂಜಕ ಈ ಮೂರೂ ಬೇಕು. ಇಂಗಾಲ ಗಾಳಿಯಿಂದ ದೊರೆಯುತ್ತದೆ. ಸಾರಜನಕವೂ ಗಾಳಿಯಲ್ಲಿ ಧಾರಾಳವಾಗಿದೆ. ನೀಲಿ-ಹಸಿರು ಪಾಚಿಗಳಲ್ಲಿ ಹಲವು ಅದನ್ನು ನೇರವಾಗಿ ಹಿಡಿದುಕೊಳ್ಳಬಲ್ಲವು. ರಂಜಕ ಮಾತ್ರ ನೆಲದ ಕಡೆಯಿಂದ, ಹರಿದು ಬರುವ ನೀರಿನ ಜೊತೆಯಲ್ಲಿಯೇ ಬರಬೇಕು. ಆದ್ದರಿಂದ ಕೆರೆಯಲ್ಲಿ ಎಷ್ಟು ಪಾಚಿ ಬೆಳೆಯಬೇಕು ಎಂಬುದನ್ನು ಬಹುಮಟ್ಟಿಗೆ ರಂಜಕವೇ ನಿರ್ಧರಿಸುತ್ತದೆ. ಒಂದು ಕಿಲೋ ರಂಜಕ ಸುಮಾರು 500 ಕಿಲೋ ಹಸಿ ಪಾಚಿಯನ್ನು ಬೆಳೆಸಬಲ್ಲದು. ಆ ಪಾಚಿ ಸತ್ತು ತಳಕ್ಕಿಳಿದು ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕ ತೀರಿಹೋಗುತ್ತದೆ, ಮೀನುಗಳು ಸಾಯುತ್ತವೆ, ದಡದ ಮನೆಗಳು ಕಿಟಕಿ ಮುಚ್ಚಿಕೊಳ್ಳುತ್ತವೆ. ಕೆಲವು ನೀಲಿ-ಹಸಿರು ಪಾಚಿಗಳು ವಿಷವನ್ನೂ ಬಿಡುತ್ತವೆ. ಅಂಥ ನೀರು ಕುಡಿದ ದನ, ನಾಯಿಗಳು ಸತ್ತ ಉದಾಹರಣೆಗಳು ಜಗತ್ತಿನ ಅನೇಕ ಕಡೆ ದಾಖಲಾಗಿವೆ.

ಇದಕ್ಕೆ ಕಣ್ಣಾರೆ ಕಾಣುವ ಪುರಾವೆ ದೊರೆತದ್ದು 1973ರಲ್ಲಿ, ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ. ಪ್ರಯೋಗಕ್ಕೆಂದೇ ಮೀಸಲಿಟ್ಟ ಕೆರೆಗಳ ಪೈಕಿ 226ನೆಯ ಸಂಖ್ಯೆಯ ಕೆರೆಯನ್ನು ಡೇವಿಡ್ ಶಿಂಡ್ಲರ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ನಡು ಕಿರಿದಾಗಿದ್ದ ಜಾಗದಲ್ಲಿ ಗಟ್ಟಿ ಪರದೆ ಇಳಿಬಿಟ್ಟು ಎರಡು ಭಾಗ ಮಾಡಿದರು. ಎರಡೂ ಭಾಗಗಳಿಗೆ ಇಂಗಾಲ ಮತ್ತು ಸಾರಜನಕ ಹಾಕಿದರು. ಒಂದು ಭಾಗಕ್ಕೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಭಾಗ ಹಸಿರುಗಟ್ಟಿತು, ಪರದೆಯ ಆಚೆಗಿನ ಭಾಗ ತಿಳಿಯಾಗಿಯೇ ಉಳಿಯಿತು. ಆಕಾಶದಿಂದ ತೆಗೆದ ಆ ಕೆರೆಯ ಚಿತ್ರವನ್ನು ಒಮ್ಮೆ ನೋಡಿದವರಿಗೆ ನಾನು ಇನ್ನೇನೂ ವಿವರಿಸಬೇಕಾಗುವುದಿಲ್ಲ.

ಆದರೆ ನನಗೆ ಇದಕ್ಕಿಂತಲೂ ಪ್ರಿಯವಾದ ಕಥೆ ಇನ್ನೊಂದಿದೆ. ಅದರಲ್ಲಿ ವಿಜ್ಞಾನಿಗಳ ಜೊತೆಗೆ ಕೆರೆಯ ಸುತ್ತಲಿನ ನಿವಾಸಿಗಳೂ ಇದ್ದಾರೆ. ಅಮೆರಿಕದ ಸಿಯಾಟಲ್ ನಗರದ ಮಗ್ಗುಲಲ್ಲಿ ವಾಷಿಂಗ್ಟನ್ ಎಂಬ ಸರೋವರವಿದೆ. 30 ಕಿಲೋಮೀಟರಿಗೂ ಹೆಚ್ಚು ಉದ್ದ, ಅತ್ಯಂತ ಆಳದ ಕಡೆ ಸುಮಾರು 65 ಮೀಟರ್. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅದರ ದಡದ ಊರುಗಳು ಒಂದೇ ಸಮನೆ ಬೆಳೆದವು. ಒಂದೊಂದು ಊರೂ ತನ್ನ ಒಳಚರಂಡಿ ನೀರನ್ನು ತನ್ನದೇ ಘಟಕದಲ್ಲಿ ಶುದ್ಧಗೊಳಿಸಿ ಸರೋವರಕ್ಕೆ ಬಿಡುತ್ತಿತ್ತು. ಇಲ್ಲಿ ಸ್ವಲ್ಪ ಗಮನವಿಟ್ಟು ಕೇಳಿ. ಅದು ಕೊಳಕು ನೀರಾಗಿರಲಿಲ್ಲ. ರೋಗಾಣು ಕಡಿಮೆ ಮಾಡಿದ, ವಾಸನೆ ತೆಗೆದ, ನೋಡಲು ತಿಳಿಯಾದ ನೀರು. ಆದರೆ ಆ ಬಗೆಯ ಶುದ್ಧೀಕರಣ ರಂಜಕದ ಬಹುಪಾಲನ್ನು ತೆಗೆಯುತ್ತಿರಲಿಲ್ಲ. ಊರಿನವರು ನಮ್ಮದು ಶುದ್ಧ ನೀರು ಎಂದುಕೊಂಡು ದಿನವೂ ಸರೋವರಕ್ಕೆ ಪಾಚಿಯ ಆಹಾರವನ್ನು ಸುರಿಯುತ್ತಿದ್ದರು.

1955ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡಬ್ಲ್ಯೂ. ಟಿ. ಎಡ್ಮಂಡ್‌ಸನ್ ಅವರ ತಂಡಕ್ಕೆ ಆ ನೀರಿನಲ್ಲಿ ಆಸಿಲಟೋರಿಯಾ ರುಬೆಸೆನ್ಸ್ ಎಂಬ ಪಾಚಿ ಸಿಕ್ಕಿತು. ಸಾಮಾನ್ಯರಿಗೆ ಅದು ಒಂದು ಹೆಸರು ಮಾತ್ರ, ಎಡ್ಮಂಡ್‌ಸನ್ ಅವರಿಗೆ ಅದು ಎಚ್ಚರಿಕೆಯ ಗಂಟೆ. ಸ್ವಿಟ್ಜರ್ಲೆಂಡಿನ ಜೂರಿಕ್ ಸರೋವರ ಕೆಡಲಾರಂಭಿಸಿದಾಗ ಅಲ್ಲಿ ಕಾಣಿಸಿಕೊಂಡದ್ದೂ ಇದೇ ಪಾಚಿ. ಮುಂದೆ ಏನಾಗುತ್ತದೆ ಎಂಬುದನ್ನು ಅವರು ಮೊದಲೇ ಬರೆದಿಟ್ಟರು: ರಂಜಕ ಹೀಗೆಯೇ ಬರುತ್ತಿದ್ದರೆ ಸರೋವರ ಇನ್ನಷ್ಟು ಕೆಡುತ್ತದೆ, ತಡೆದರೆ ಸುಧಾರಿಸುತ್ತದೆ. ಜೇಮ್ಸ್ ಎಲ್ಲಿಸ್ ಎಂಬ ವಕೀಲರು ಆಗ ಸರೋವರದ ಸುತ್ತಲಿನ ಊರುಗಳೆಲ್ಲ ಸೇರಿ ಒಂದೇ ಸಂಸ್ಥೆ ಕಟ್ಟಬೇಕೆಂದು ಓಡಾಡುತ್ತಿದ್ದರು. ಎಡ್ಮಂಡ್‌ಸನ್ ಅವರು ಎಲ್ಲಿಸ್ ಅವರಿಗೆ ಪತ್ರ ಬರೆದು, ನಿವಾಸಿಗಳು ಕೇಳಬಹುದಾದ ಪ್ರಶ್ನೆಗಳನ್ನೂ ಅವುಗಳಿಗೆ ಉತ್ತರಗಳನ್ನೂ ಸರಳವಾದ ಮಾತುಗಳಲ್ಲಿ ಒದಗಿಸಿದರು. ವಿಜ್ಞಾನಿಯೊಬ್ಬ ಸಮುದಾಯಕ್ಕೆ ಮಾಡಬಹುದಾದ ಸೇವೆಯಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕಂಡಿಲ್ಲ.

1958ರ ಮಾರ್ಚ್‌ನಲ್ಲಿ ಈ ಸಂಸ್ಥೆ ಬೇಕೇ ಎಂದು ಮತದಾನ ನಡೆಯಿತು. ಪ್ರಸ್ತಾವ ಬಿದ್ದುಹೋಯಿತು. ಸಿಯಾಟಲ್ ನಗರದವರು ಒಪ್ಪಿದರು, ಹೊರಗಿನ ಊರುಗಳವರು ಒಪ್ಪಲಿಲ್ಲ. ಆ ಪ್ರಸ್ತಾವದಲ್ಲಿ ಒಳಚರಂಡಿಯ ಜೊತೆಗೆ ಸಾರಿಗೆಯೂ ಇತ್ತು, ನಗರ ಯೋಜನೆಯೂ ಇತ್ತು. ಒಂದಕ್ಕೆ ಹೂಂ ಎನ್ನುವವರು ಇನ್ನೊಂದಕ್ಕೆ ಬೇಡ ಎಂದರು. ಎಲ್ಲಿಸ್ ಮತ್ತು ಅವರ ಜೊತೆಗಾರರು ಎದೆಗುಂದಲಿಲ್ಲ. ಉಳಿದದ್ದನ್ನೆಲ್ಲ ಬದಿಗಿಟ್ಟು, ಒಳಚರಂಡಿ ಒಂದನ್ನೇ ಉಳಿಸಿಕೊಂಡು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮತ್ತೆ ಜನರ ಮುಂದೆ ಬಂದರು. ಆಗ ಗೆದ್ದರು. ನಿಮ್ಮ ನಿವಾಸಿಗಳ ಸಂಘದ ಸಭೆಯಲ್ಲಿ ಕೆರೆಯ ವಿಷಯ ಬಂದಾಗ ಬೀದಿದೀಪ, ವಾಹನ ನಿಲುಗಡೆ, ಕಾಂಪೌಂಡಿನ ತಂಟೆ ಎಲ್ಲವೂ ಅದರ ಜೊತೆ ಸೇರಿಕೊಂಡು ಸಭೆ ಜಗಳದಲ್ಲಿ ಮುಗಿಯುವುದನ್ನು ನೀವೂ ಕಂಡಿರುತ್ತೀರಿ. ಈ ಸಿಯಾಟಲ್ಲಿನ ಸೆಪ್ಟೆಂಬರನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಮುಂದಿನದನ್ನು ಸಂತೋಷದಿಂದ ಹೇಳುತ್ತೇನೆ. 1963ರಿಂದ ಘಟಕಗಳ ನೀರನ್ನು ಒಂದೊಂದಾಗಿ ಸರೋವರದಿಂದ ಬೇರೆ ಕಡೆಗೆ ತಿರುಗಿಸತೊಡಗಿದರು, 1968ರ ಹೊತ್ತಿಗೆ ಕೆಲಸ ಮುಗಿಯಿತು. ಕೆಲಸ ಶುರುವಾದ ಕಾಲದಲ್ಲಿ ಬೇಸಗೆಯ ದಿನ ಆ ನೀರಿನಲ್ಲಿ ಸುಮಾರು ಒಂದು ಮೀಟರ್ ಆಳದವರೆಗೆ ಮಾತ್ರ ಕಣ್ಣು ಹಾಯುತ್ತಿತ್ತು. ರಂಜಕದ ಪ್ರಮಾಣ ಇಳಿಯುತ್ತ ಹೋಗಿ ಮೊದಲಿದ್ದುದರ ಕಾಲು ಭಾಗಕ್ಕೆ ಬಂತು, ಪಾಚಿಯೂ ಅದರ ಹಿಂದೆಯೇ ಇಳಿಯಿತು. 1976ರ ನಂತರ ಪಾಚಿಯನ್ನು ಮೇಯುವ ದಾಫ್ನಿಯಾ ಎಂಬ ಪುಟ್ಟ ಜಲಜೀವಿ ಅಲ್ಲಿ ಹೇರಳವಾಗಿ ನೆಲೆಗೊಂಡಿತು. ಬೇಸಗೆಯಲ್ಲಿಯೂ ಆರು ಮೀಟರಿಗಿಂತ ಕೆಳಗಿನವರೆಗೆ ನೋಟ ಹಾಯತೊಡಗಿತು. ಯಾರೂ ಸರೋವರದೊಳಗೆ ಔಷಧ ಸುರಿಯಲಿಲ್ಲ, ಪಾಚಿ ಬಾಚಲಿಲ್ಲ. ಇಳಿಯುವ ಮೊದಲೇ ತಡೆದರು, ಅಷ್ಟೇ.

ಈ ಕಥೆಗೇ ನನ್ನ ಸಮಯದ ಹೆಚ್ಚು ಪಾಲು ಹೋಯಿತು, ಆದ್ದರಿಂದ ಮುಂದಿನದನ್ನು ಬೇಗ ಬೇಗ ಹೇಳುತ್ತೇನೆ. ಪಾಚಿ ಕಂಡ ಕೂಡಲೇ ಮೈಲುತುತ್ತು ಹಾಕಿಸಿ, ಕಾರಂಜಿ ಹಾಕಿಸಿ ಎಂದು ಒತ್ತಾಯಿಸುವವರು ಪ್ರತಿ ಬಡಾವಣೆಯಲ್ಲೂ ಇರುತ್ತಾರೆ. ಮೈಲುತುತ್ತಿನಿಂದ ಪಾಚಿ ಸಾಯುತ್ತದೆ, ನಿಜ. ಸತ್ತ ಪಾಚಿಯಲ್ಲಿದ್ದ ರಂಜಕ ಎಲ್ಲಿ ಹೋಗಬೇಕು? ಕೆರೆಯಲ್ಲಿಯೇ ಉಳಿದು ಮುಂದಿನ ಪಾಚಿಗೆ ಊಟವಾಗುತ್ತದೆ. ಕಾರಂಜಿ ನೀರಿಗೆ ಒಂದಿಷ್ಟು ಗಾಳಿ ಸೇರಿಸುತ್ತದೆ, ರಂಜಕವನ್ನು ಹೊರಗೆ ಹಾಕುವುದಿಲ್ಲ. ಇಂಥದ್ದಕ್ಕೆ ಸಂಘದ ಹಣ ಸುರಿಯುವ ಮೊದಲು, ದಯವಿಟ್ಟು, ಆ ಕೆರೆಗೆ ನೀರು ತರುವ ಪ್ರತಿಯೊಂದು ಚರಂಡಿಯ ಬಾಯಿಯ ಬಳಿ ಮಳೆಯ ದಿನ ಛತ್ರಿ ಹಿಡಿದು ನಿಂತು ನೋಡಿ. ಯಾವುದರಲ್ಲಿ ಕೆಂಪು ಮಣ್ಣು ಬರುತ್ತಿದೆ, ಯಾವುದರಲ್ಲಿ ನೊರೆ ಬರುತ್ತಿದೆ, ಯಾವುದು ನಾರುತ್ತಿದೆ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಮಳೆಯಿಲ್ಲದ ದಿನವೂ ಮಳೆನೀರಿನ ಚರಂಡಿಯಲ್ಲಿ ನೀರು ಹರಿಯುತ್ತಿದ್ದರೆ, ಯಾವುದೋ ಮನೆಯ ಕೊಳವೆ ಸೇರಬಾರದ ಕಡೆ ಸೇರಿದೆಯೇ ಎಂದು ಮೊದಲು ನೋಡಬೇಕು.

ಇನ್ನು ಮನೆಗಳ ಒಳಗಿನ ಮಾತು. ತೊಳೆಯುವ ಪುಡಿ ಕೊಳ್ಳುವಾಗ ಫಾಸ್ಫೇಟ್ ಇಲ್ಲದ್ದನ್ನು ಹುಡುಕಿ ಕೊಳ್ಳಿ. ಮಣ್ಣಿನ ಪರೀಕ್ಷೆ ಮಾಡಿಸದೆ ತೋಟಕ್ಕೂ ಹುಲ್ಲುಹಾಸಿಗೂ ರಂಜಕದ ಗೊಬ್ಬರ ಹಾಕಬೇಡಿ. ಮಳೆ ಬರುವ ಸೂಚನೆ ಇರುವ ದಿನವಂತೂ ಯಾವ ಗೊಬ್ಬರವನ್ನೂ ಹಾಕಬೇಡಿ. ಗುಡಿಸಿದ ಎಲೆಯನ್ನು ಚರಂಡಿಗೆ ತಳ್ಳುವುದು ಬಹಳ ಮನೆಗಳ ಅಭ್ಯಾಸ. ನೆನೆದ ಎಲೆಯಿಂದ ರಂಜಕ ಬಹಳ ಬೇಗ ನೀರಿಗೆ ಬಿಟ್ಟುಕೊಳ್ಳುತ್ತದೆ, ಅದನ್ನು ಅಂಗಳದ ಮೂಲೆಯಲ್ಲೇ ಗೊಬ್ಬರ ಮಾಡಿಕೊಳ್ಳಿ. ನಾಯಿಯ ಮಲವನ್ನು ಬೀದಿಯಲ್ಲಿ ಬಿಡಬೇಡಿ. ಮನೆ ಕಟ್ಟಿಸುವವರು ಮರಳು, ಮಣ್ಣಿನ ರಾಶಿಯನ್ನು ಮುಚ್ಚಿಡಬೇಕು. ಸೆಪ್ಟಿಕ್ ಟ್ಯಾಂಕ್ ಇರುವ ಮನೆಯವರು ಮೂರರಿಂದ ಐದು ವರ್ಷಕ್ಕೊಮ್ಮೆ ಅದನ್ನು ಖಾಲಿ ಮಾಡಿಸಬೇಕು, ತೊಂದರೆ ಕಾಣಿಸಿಕೊಳ್ಳುವವರೆಗೆ ಕಾಯಬಾರದು. ತಾರಸಿಯ ನೀರನ್ನು ನೇರವಾಗಿ ರಸ್ತೆಗೆ ಬಿಡುವ ಬದಲು ಇಂಗುಗುಂಡಿಗೆ ಬಿಟ್ಟರೆ ರಂಜಕವೂ ನೆಲದಲ್ಲೇ ನಿಲ್ಲುತ್ತದೆ, ಅಂತರ್ಜಲವೂ ಏರುತ್ತದೆ. ದಡದ ಮನೆಯವರಿಗೆ ಒಂದು ವಿನಂತಿ: ನೀರಿನ ಅಂಚಿನವರೆಗೂ ಕತ್ತರಿಸಿದ ಹುಲ್ಲುಹಾಸು ಬೇಡ. ಅಂಚಿನಲ್ಲಿ ಕೆಲವು ಮೀಟರ್ ಅಗಲದ ಪಟ್ಟಿಯಲ್ಲಿ ಜೊಂಡು, ಎತ್ತರದ ಹುಲ್ಲು, ಆ ನೆಲದ್ದೇ ಪೊದೆಗಳು ಬೆಳೆಯಲಿ. ಹರಿದು ಬರುವ ನೀರಿನ ವೇಗವನ್ನು ಅವು ತಗ್ಗಿಸುತ್ತವೆ, ಮಣ್ಣನ್ನು ಹಿಡಿದಿಡುತ್ತವೆ.

ದಡದವರಿಗೂ ದಿಣ್ಣೆಯವರಿಗೂ ನಡುವಿನ ಮನಸ್ತಾಪದ ಬಗ್ಗೆ ಒಂದು ಮಾತು. ಕೆರೆಯ ನೋಟ ಅವರಿಗೆ, ಮನೆಯ ಬೆಲೆ ಏರುವುದೂ ಅವರದೇ, ದುಡಿಯುವುದು ಮಾತ್ರ ನಾವೇಕೆ ಎಂದು ದಿಣ್ಣೆಯವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ದಡದವರು ಕೊಡಬೇಕಾದ ಉತ್ತರ ಕೆರೆಯ ಸುತ್ತಲಿನ ದಾರಿಯನ್ನು, ಕಟ್ಟೆಯನ್ನು, ನೆರಳನ್ನು ಎಲ್ಲರಿಗೂ ತೆರೆದಿಡುವುದು. ಸಂಜೆಯ ಹೊತ್ತು ಮಕ್ಕಳನ್ನು ಕರೆದುಕೊಂಡು ಕೆರೆಯ ಬಳಿಗೆ ಬರುವ ಅಭ್ಯಾಸ ಇರುವವರು ಎಲೆಯನ್ನು ಚರಂಡಿಗೆ ತಳ್ಳುವ ಮುನ್ನ ಕೈ ತಡೆಯುತ್ತಾರೆ. ಬೇಲಿಯಾಚೆಯ ಕೆರೆಗಾಗಿ ಯಾರೂ ಹಾಗೆ ತಡೆಯುವುದಿಲ್ಲ.

ಕೊನೆಯದಾಗಿ, ಇದಕ್ಕೆಲ್ಲ ಫಲ ಸಿಕ್ಕಿತೇ ಎಂದು ತಿಳಿಯಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. 1865ರಲ್ಲಿ ಆಂಜೆಲೋ ಸೆಕ್ಕಿ ಎಂಬ ಇಟಲಿಯ ಪಾದ್ರಿ, ಖಗೋಳ ವಿಜ್ಞಾನಿ, ಸಮುದ್ರದ ನೀರಿನ ತಿಳಿತನ ಅಳೆಯಲು ಬಿಳಿಯ ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ಇಂದು ಕೆರೆಗಳಲ್ಲಿ ಬಳಸುವ ತಟ್ಟೆ 20 ಸೆಂಟಿಮೀಟರ್ ಅಗಲದ್ದು, ನಾಲ್ಕು ಭಾಗ ಮಾಡಿ ಒಂದು ಬಿಟ್ಟು ಒಂದಕ್ಕೆ ಕಪ್ಪು, ಬಿಳಿ ಬಣ್ಣ ಬಳಿದದ್ದು. ನಿಮ್ಮ ಸಂಘದವರೇ ಒಂದನ್ನು ಮಾಡಿಕೊಳ್ಳಬಹುದು. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರ ಒಳಗೆ, ದೋಣಿಯ ನೆರಳಿನ ಕಡೆಯಿಂದ, ತಂಪು ಕನ್ನಡಕ ತೆಗೆದು ತಟ್ಟೆಯನ್ನು ಇಳಿಸಿ. ಅದು ಮರೆಯಾದ ಆಳವನ್ನೂ, ಮೇಲೆತ್ತುವಾಗ ಮತ್ತೆ ಕಂಡ ಆಳವನ್ನೂ ಗುರುತಿಸಿ ಎರಡರ ಸರಾಸರಿ ಬರೆಯಿರಿ. ಹದಿನೈದು ದಿನಕ್ಕೊಮ್ಮೆ, ಅದೇ ಜಾಗದಲ್ಲಿ, ದಿಣ್ಣೆಯ ಒಂದು ಮನೆ ಮತ್ತು ದಡದ ಒಂದು ಮನೆ ಸೇರಿ ಈ ಕೆಲಸ ಮಾಡಲಿ. ಮಳೆ ಬಂದ ದಿನಗಳನ್ನೂ ಅದೇ ಪುಸ್ತಕದಲ್ಲಿ ಬರೆದಿಡಿ. ಮೊದಲ ವರ್ಷದ ಅಳತೆಗಳಿಂದ ಯಾವ ತೀರ್ಮಾನಕ್ಕೂ ಬರಬೇಡಿ. ಎರಡು, ಮೂರು ಮಳೆಗಾಲ ಕಳೆಯಲಿ. ಆಮೇಲೆ ಆ ಪುಸ್ತಕವನ್ನು ಸಂಘದ ಸಭೆಯಲ್ಲಿ ಎಲ್ಲರ ಮುಂದೆ ಓದಿ, ಜೋರು ಮಳೆಯ ಮರುವಾರ ತಟ್ಟೆ ಎಷ್ಟು ಬೇಗ ಮರೆಯಾಗಿದೆ ಎಂಬುದನ್ನು ತೋರಿಸಿ, ಯಾವ ಚರಂಡಿಯನ್ನು ಮೊದಲು ಸರಿಪಡಿಸಬೇಕೆಂದು ಅಲ್ಲಿಯೇ ನಿರ್ಧರಿಸಿ.

ನಮಸ್ಕಾರ.