ದುಡ್ಡಿನ ಜೊತೆ ಇನ್ನೇನು ಹೋಯಿತು?

[ತೆರೆಯ ಮೇಲೆ: ಬ್ಯಾಂಕ್ ಸ್ಟೇಟ್‌ಮೆಂಟ್‌ನ ಒಂದು ಪುಟ. ಹೆಸರಿನ ಮೇಲೆ ಕಪ್ಪು ಪಟ್ಟಿ.]

ಇದೊಂದು ಬ್ಯಾಂಕ್ ಸ್ಟೇಟ್‌ಮೆಂಟ್. ಈ ವಿಡಿಯೋಗೆ ಅಂತ ನಾವೇ ತಯಾರಿಸಿದ್ದು, ಯಾರದ್ದೂ ಅಲ್ಲ. ಒಟ್ಟಿಗೆ ಓದೋಣ ಬನ್ನಿ.

3ನೇ ತಾರೀಖು, ಬೆಳಿಗ್ಗೆ 7:52, ಔಷಧಿ ಅಂಗಡಿ, ಸಣ್ಣ ಮೊತ್ತ. 6ನೇ ತಾರೀಖು, ಹೆರಿಗೆ ಡಾಕ್ಟರ ಕ್ಲಿನಿಕ್. ಅದೇ ಮಧ್ಯಾಹ್ನ, ರಕ್ತ ಪರೀಕ್ಷೆಯ ಲ್ಯಾಬ್. 11ಕ್ಕೆ ಮತ್ತೆ ಅದೇ ಕ್ಲಿನಿಕ್, ಈ ಸಲ ದೊಡ್ಡ ಮೊತ್ತ. 12ರಿಂದ 15ರವರೆಗೆ ಏನೂ ಇಲ್ಲ. ದಿನಾ ಬೆಳಿಗ್ಗೆ ಒಂದು ಬಸ್ ಟಿಕೆಟ್ ಇರುತ್ತಿತ್ತು, ಆ ನಾಲ್ಕು ದಿನ ಅದೂ ಇಲ್ಲ. 16ಕ್ಕೆ ಬಸ್ ಮತ್ತೆ ಶುರು. 20ಕ್ಕೆ ಆಪ್ತಸಮಾಲೋಚಕರ ಫೀಸು.

ಇಷ್ಟೇ ಇರುವುದು. ಆದರೂ ಈ ಹೆಣ್ಣುಮಗಳಿಗೆ ಏನಾಯಿತು ಅಂತ ನಿಮ್ಮ ತಲೆಯಲ್ಲಿ ಆಗಲೇ ಒಂದು ಕಥೆ ಹುಟ್ಟಿಕೊಂಡಿದೆ, ಅಲ್ವಾ? ಅದು ಹೆಣ್ಣುಮಗಳು ಅಂತ ಈ ಪುಟದಲ್ಲಿ ಎಲ್ಲೂ ಬರೆದಿಲ್ಲ. ಕಥೆ ಪೂರ್ತಿ ತಪ್ಪೂ ಇರಬಹುದು. ತಂಗಿಯ ಬಿಲ್ ಕಟ್ಟಿದ ಅಣ್ಣನೂ ಆಗಿರಬಹುದು. ಆದರೆ ಸ್ಟೇಟ್‌ಮೆಂಟ್ ಓದುವವರು ಹೌದಾ ಅಲ್ಲವಾ ಅಂತ ಬಂದು ಕೇಳುವುದಿಲ್ಲ.

ಇದೇ ವ್ಯಕ್ತಿ ನೋಟು ಕೊಟ್ಟಿದ್ದರೆ? ಈ ಪುಟ ಹುಟ್ಟುತ್ತಲೇ ಇರಲಿಲ್ಲ.

[ತೆರೆಯ ಮೇಲೆ: ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವ ನೋಟು.]

ನೋಟಿನ ಮೇಲೂ ನಂಬರ್ ಇದೆ, ನಿಜ. ಆದರೆ ಅಂಗಡಿಯವರು ಆ ನಂಬರ್ ಬರೆದಿಟ್ಟುಕೊಳ್ಳುವುದಿಲ್ಲ. ಯಾರು ಕೊಟ್ಟರು, ಯಾಕೆ ಕೊಟ್ಟರು ಅನ್ನುವುದು ಆ ಇಬ್ಬರ ನೆನಪಿನಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಈಗ ಕಾರ್ಡ್ ತಗೊಳ್ಳಿ. ನೀವು ಯಂತ್ರಕ್ಕೆ ತಾಗಿಸುತ್ತೀರಿ, ಎರಡು ಸೆಕೆಂಡಿನಲ್ಲಿ ಬೀಪ್ ಅನ್ನುತ್ತದೆ. ಅಷ್ಟರಲ್ಲಿ ಸುದ್ದಿ ಅಂಗಡಿಯ ಬ್ಯಾಂಕಿಗೆ ಹೋಗಿದೆ. ಅಲ್ಲಿಂದ ಕಾರ್ಡ್ ಕಂಪನಿಯ ಜಾಲಕ್ಕೆ, ಅಲ್ಲಿಂದ ನಿಮ್ಮ ಬ್ಯಾಂಕಿಗೆ. 'ದುಡ್ಡಿದೆ, ಕೊಡಿ' ಅನ್ನುವ ಉತ್ತರ ಅದೇ ದಾರಿಯಲ್ಲಿ ವಾಪಸ್ ಬಂದಿದೆ. ದಾರಿಯಲ್ಲಿ ಸಿಕ್ಕ ಪ್ರತಿಯೊಬ್ಬರ ಹತ್ತಿರವೂ ಒಂದು ದಾಖಲೆ ಉಳಿದಿದೆ. ನಡುವೆ ಪೇಮೆಂಟ್ ಆ್ಯಪ್ ಇದ್ದರೆ ಇನ್ನೊಂದು ಪ್ರತಿ ಜಾಸ್ತಿ. ಜೊತೆಗೆ ನಿಮ್ಮ ಫೋನ್ ಯಾವುದು, ಅನುಮತಿ ಕೊಟ್ಟಿದ್ದರೆ ನೀವು ಎಲ್ಲಿ ನಿಂತಿದ್ದಿರಿ, ನಿಮ್ಮ ಕಾಂಟ್ಯಾಕ್ಟ್ ಪಟ್ಟಿ, ಇವೂ ಅದಕ್ಕೆ ಸಿಗುತ್ತವೆ.

ಆ ದಾಖಲೆಯಲ್ಲಿ ನಾಲ್ಕು ಅಂಕಿಯ ಒಂದು ಕೋಡ್ ಇರುತ್ತದೆ. ಅಂಗಡಿ ಯಾವ ಬಗೆಯದು ಅಂತ ಹೇಳುವ ಕೋಡ್. 5912 ಅಂದರೆ ಔಷಧಿ ಅಂಗಡಿ. 8011 ಅಂದರೆ ಡಾಕ್ಟರು. 8111 ಅಂದರೆ ವಕೀಲರು. 5813 ಅಂದರೆ ಬಾರು. 8661 ಧಾರ್ಮಿಕ ಸಂಸ್ಥೆ, 8651 ರಾಜಕೀಯ ಸಂಘಟನೆ. ನೀವು ಏನು ಕೊಂಡಿರಿ ಅಂತ ಬ್ಯಾಂಕಿಗೆ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ. ಎಲ್ಲಿಗೆ, ಎಷ್ಟು ಹೊತ್ತಿಗೆ, ಎಷ್ಟು ದಿನಕ್ಕೊಮ್ಮೆ ಹೋಗುತ್ತೀರಿ ಅಂತ ಗೊತ್ತಾದರೆ ಸಾಕು.

ಇಲ್ಲಿ ತುಂಬಾ ಜನ ಹೇಳುವ ಮಾತೊಂದಿದೆ. 'ನನ್ನ ಆ್ಯಪ್ ಸೇಫ್ ಆಗಿದೆ, ಪಿನ್ ಇದೆ, ಬೆರಳಚ್ಚು ಇದೆ.' ಸೇಫ್ ಹೌದು. ಫೋನಿನಿಂದ ಕಾರ್ಡ್ ಪೇಮೆಂಟ್ ಮಾಡಿದರೆ ಎಷ್ಟೋ ಕಡೆ ಅಂಗಡಿಗೆ ನಿಮ್ಮ ನಿಜವಾದ ಕಾರ್ಡ್ ನಂಬರ್ ಸಿಗುವುದೇ ಇಲ್ಲ, ಬದಲಿ ನಂಬರ್ ಹೋಗುತ್ತದೆ. ಒಳ್ಳೆಯ ವ್ಯವಸ್ಥೆ. ಆದರೆ ಅದೆಲ್ಲ ಕಳ್ಳರಿಗೆ ಹಾಕಿದ ಬೀಗ. ಬೀಗದ ಕೈ ಇಟ್ಟುಕೊಂಡವರು ಒಳಗೆ ಕೂತು ಏನು ಓದುತ್ತಾರೆ ಅನ್ನುವುದು ಬೇರೆಯೇ ಪ್ರಶ್ನೆ. ಮೊದಲನೆಯದು ಭದ್ರತೆ, ಎರಡನೆಯದು ಖಾಸಗಿತನ. ದಯವಿಟ್ಟು ಇವೆರಡನ್ನೂ ಒಂದೇ ಅಂದುಕೊಳ್ಳಬೇಡಿ.

'ನಾವು ಹೆಸರು ತೆಗೆದೇ ಮಾಹಿತಿ ಹಂಚಿಕೊಳ್ಳುತ್ತೇವೆ' ಅಂತ ಕಂಪನಿಗಳು ಹೇಳುತ್ತವೆ. 2015ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಇದನ್ನೇ ಪರೀಕ್ಷಿಸಿತು. 11 ಲಕ್ಷ ಜನರ 3 ತಿಂಗಳ ಕಾರ್ಡ್ ದಾಖಲೆ. ಹೆಸರಿಲ್ಲ, ಕಾರ್ಡ್ ನಂಬರ್ ಇಲ್ಲ. ಯಾವ ದಿನ, ಯಾವ ಅಂಗಡಿ ಅನ್ನುವ ವಿವರ ನಾಲ್ಕೇ ನಾಲ್ಕು ಖರೀದಿಗಳಿಗೆ ಸಿಕ್ಕರೆ ಸಾಕು, 90% ಜನರನ್ನು ಆ ರಾಶಿಯಿಂದ ಒಬ್ಬೊಬ್ಬರಾಗಿ ಹೆಕ್ಕಿ ತೆಗೆಯಬಹುದು ಅಂತ ಗೊತ್ತಾಯಿತು. ನಾಲ್ಕು ಅಂದರೆ ಎಷ್ಟು? ಒಂದು ವಾರದಲ್ಲಿ ನೀವು ಹಾಕಿದ ಫೋಟೋಗಳಲ್ಲೇ ಸಿಗುವಷ್ಟು.

ಇದು ಯಾರಿಗೂ ಮೊದಲೇ ಹೊಳೆಯದ ವಿಷಯ ಅಲ್ಲ. 1971ರಲ್ಲಿ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ತಜ್ಞರ ಒಂದು ಗುಂಪಿಗೆ ಒಂದು ಕೆಲಸ ಕೊಟ್ಟರು. ನೀವು ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಯ ಸಲಹೆಗಾರರು ಅಂದುಕೊಳ್ಳಿ. ದೇಶದ ಎಲ್ಲರ ಮೇಲೂ ಕಣ್ಣಿಡುವ ವ್ಯವಸ್ಥೆ ರೂಪಿಸಿ, ಆದರೆ ಅದು ಯಾರ ಕಣ್ಣಿಗೂ ಚುಚ್ಚಬಾರದು. ಅವರು ಯೋಚನೆ ಮಾಡಿ ರೂಪಿಸಿದ್ದು ಕ್ಯಾಮೆರಾ ಜಾಲ ಅಲ್ಲ, ಎಲೆಕ್ಟ್ರಾನಿಕ್ ಹಣ ವರ್ಗಾವಣೆಯ ವ್ಯವಸ್ಥೆ! ಕಂಪ್ಯೂಟರ್ ತಜ್ಞ ಪಾಲ್ ಆರ್ಮರ್ ಆಮೇಲೆ ಈ ಪ್ರಸಂಗವನ್ನು ಹೇಳಿಕೊಂಡಿದ್ದರು. ಆಗಿನ್ನೂ ಯಾರ ಜೇಬಿನಲ್ಲೂ ಫೋನ್ ಇರಲಿಲ್ಲ.

ಕಾನೂನು ಏನು ಹೇಳುತ್ತದೆ? ಒಂದೊಂದು ದೇಶದಲ್ಲಿ ಒಂದೊಂದು ಥರ. ಅಮೆರಿಕದ ಸುಪ್ರೀಂ ಕೋರ್ಟ್ 1976ರ ಮಿಲ್ಲರ್ ಪ್ರಕರಣದಲ್ಲಿ, ಬ್ಯಾಂಕಿನಲ್ಲಿರುವ ದಾಖಲೆ ಬ್ಯಾಂಕಿನದ್ದು, ಅದರ ಮೇಲೆ ಗ್ರಾಹಕರಿಗೆ ಸಂವಿಧಾನದ ಖಾಸಗಿತನದ ರಕ್ಷಣೆ ಸಿಗುವುದಿಲ್ಲ ಅಂತ ತೀರ್ಪು ಕೊಟ್ಟಿತು. ಎರಡು ವರ್ಷದ ಮೇಲೆ ಅಲ್ಲಿನ ಸಂಸತ್ತು ಬೇರೆ ಕಾನೂನು ತಂದು ಸ್ವಲ್ಪ ರಕ್ಷಣೆ ಕೊಟ್ಟಿತು. ನನಗೆ ಆ ತೀರ್ಪಿನ ತರ್ಕ ಇವತ್ತಿಗೂ ಒಪ್ಪಿಗೆಯಾಗುವುದಿಲ್ಲ. ನನ್ನ ಬದುಕಿನ ವಿವರ ಇನ್ನೊಬ್ಬರ ಕಂಪ್ಯೂಟರಿನಲ್ಲಿದೆ ಅಂದ ಮಾತ್ರಕ್ಕೆ ಅದು ನನ್ನದಲ್ಲ ಅನ್ನುವುದು ಹೇಗೆ?

[ತೆರೆಯ ಮೇಲೆ: ಮೇಜಿನ ಮೇಲೆ ಒಂದು ಫೋನ್. ತೆರೆ ಬೆಳಗುತ್ತದೆ, ಮೆಸೇಜ್ ಬರುತ್ತದೆ.]

ಖಾಸಗಿತನ ಅಂದ ಕೂಡಲೇ ಸರ್ಕಾರ, ದೊಡ್ಡ ಕಂಪನಿ ಅಂತಲೇ ಮಾತು ಹೋಗುತ್ತದೆ. ನನಗೆ ಅದಕ್ಕಿಂತ ಜಾಸ್ತಿ ಚಿಂತೆ ಈ ಫೋನಿನದು. ಗಂಡನ ಏಟು ತಡೆಯಲಾರದೆ ಮನೆ ಬಿಟ್ಟು ಹೊರಟ ಒಬ್ಬಳು. ಖಾತೆ ಇಬ್ಬರದ್ದು, ಮೆಸೇಜ್ ಬರುವುದು ಅವನ ಫೋನಿಗೆ. ಅವಳು ಬಸ್ ನಿಲ್ದಾಣದಲ್ಲಿ ಟಿಕೆಟ್ ತಗೊಂಡಳು. ಇಲ್ಲಿ ಫೋನ್ ಬೆಳಗಿತು. ಬಸ್ ಕಂಪನಿಯ ಹೆಸರು, ಮೊತ್ತ, ಹೊತ್ತು. ಮೊತ್ತ ನೋಡಿದರೆ ಊರು ಎಷ್ಟು ದೂರ ಅಂತ ಲೆಕ್ಕ ಹಾಕಬಹುದು. ಅವಳು ಇನ್ನೂ ಸೀಟಿನಲ್ಲಿ ಕೂತೇ ಇಲ್ಲ, ಇವನಿಗೆ ಆಗಲೇ ಗೊತ್ತು. ಇಂಥವಳಿಗೆ ಮಡಚಿಟ್ಟ ನಾಲ್ಕು ನೋಟು ಅಂದರೆ ತಪ್ಪಿಸಿಕೊಳ್ಳುವ ದಾರಿ. 'ತಪ್ಪು ಮಾಡದವರು ಯಾಕೆ ಮುಚ್ಚಿಡಬೇಕು' ಅಂತ ಕೇಳುವವರು ಅವಳನ್ನು ಒಂದು ಕ್ಷಣ ನೆನೆಸಿಕೊಳ್ಳಬೇಕು.

ಇನ್ನು ಕೆಲವು ಸಲ ಯಾರೂ ಕದಿಯುವುದೇ ಬೇಕಾಗಿಲ್ಲ. ಅಮೆರಿಕದ ವೆನ್ಮೋ ಆ್ಯಪ್‌ನಲ್ಲಿ ಯಾರು ಯಾರಿಗೆ ಕಳಿಸಿದರು, ಯಾಕೆ ಕಳಿಸಿದರು ಅನ್ನುವುದು ತಾನಾಗಿಯೇ ಎಲ್ಲರಿಗೂ ಕಾಣುವಂತೆ ಇತ್ತು, ಮೊತ್ತ ಒಂದನ್ನು ಬಿಟ್ಟು. ಬೇಡ ಅಂದವರು ಸೆಟ್ಟಿಂಗ್ ಹುಡುಕಿ ಬದಲಿಸಬೇಕಿತ್ತು. 2018ರಲ್ಲಿ ಒಬ್ಬ ಸಂಶೋಧಕಿ ಹಿಂದಿನ ವರ್ಷದ 20 ಕೋಟಿಗೂ ಜಾಸ್ತಿ ವಹಿವಾಟುಗಳನ್ನು ಹೀಗೆ ಸುಮ್ನೆ ತೆಗೆದುಕೊಂಡು ಓದಿ ತೋರಿಸಿದರು. ಜಗಳ, ಪ್ರೀತಿ, ಸಾಲ, ಎಲ್ಲವೂ ಅದರಲ್ಲಿತ್ತು.

ಎದುರು ಮಾತೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ನಗದಿನಲ್ಲಿ ತೆರಿಗೆ ಕದಿಯುತ್ತಾರೆ, ಲಂಚ ತಗೊಳ್ಳುತ್ತಾರೆ. ಡಿಜಿಟಲ್ ಪೇಮೆಂಟ್ ಬೇಗ ಆಗುತ್ತದೆ, ದೂರದವರಿಗೂ ಕಳಿಸಬಹುದು, ನೋಟು ಕಳೆದುಹೋಗುವ ಭಯ ಇಲ್ಲ. ನಾನೂ ದಿನಾ ಬಳಸುತ್ತೇನೆ, ಬಿಡಿ ಅಂತ ಹೇಳುವುದಿಲ್ಲ. ನನ್ನ ತಕರಾರು ಒಂದೇ. ಡಿಜಿಟಲ್ ಆಗಬೇಕಾದರೆ ಕೊಟ್ಟವರ ಹೆಸರು ದಾಖಲಾಗಲೇಬೇಕು ಅನ್ನುವ ಮಾತು ಸುಳ್ಳು.

[ತೆರೆಯ ಮೇಲೆ: ಒಂದು ಚೀಟಿ, ಒಂದು ಕಾರ್ಬನ್ ಹಾಳೆ, ಒಂದು ಲಕೋಟೆ.]

1983ರಲ್ಲೇ ಡೇವಿಡ್ ಚಾಮ್ ಅನ್ನುವ ಕಂಪ್ಯೂಟರ್ ವಿಜ್ಞಾನಿ ಇದಕ್ಕೆ ದಾರಿ ತೋರಿಸಿದರು. ನೋಡಿ. ಈ ಚೀಟಿಯ ಮೇಲೆ ನಾನೇ ಒಂದು ಉದ್ದನೆಯ ನಂಬರ್ ಬರೆಯುತ್ತೇನೆ. ಮೇಲೆ ಕಾರ್ಬನ್ ಹಾಳೆ ಇಟ್ಟು ಲಕೋಟೆಗೆ ಹಾಕಿ ಅಂಟಿಸುತ್ತೇನೆ. ಬ್ಯಾಂಕ್ ನನ್ನ ಖಾತೆಯಿಂದ ದುಡ್ಡು ಕಳೆದು, ಲಕೋಟೆಯ ಮೇಲೆ ಸಹಿ ಹಾಕುತ್ತದೆ. ಕಾರ್ಬನ್‌ನಿಂದಾಗಿ ಸಹಿ ಒಳಗಿನ ಚೀಟಿಗೂ ಇಳಿಯುತ್ತದೆ. ಈಗ ಲಕೋಟೆ ಹರಿದು ಎಸೆಯುತ್ತೇನೆ. ಕೈಯಲ್ಲಿ ಉಳಿದದ್ದು ಬ್ಯಾಂಕಿನ ಅಸಲಿ ಸಹಿ ಇರುವ ಚೀಟಿ, ಅದರ ಮೇಲೆ ಬ್ಯಾಂಕ್ ಕಂಡೇ ಇಲ್ಲದ ನಂಬರ್.

ಅಂಗಡಿಗೆ ಈ ಚೀಟಿ ಕೊಡುತ್ತೇನೆ. ಅಂಗಡಿ ಬ್ಯಾಂಕಿಗೆ ಕೊಡುತ್ತದೆ. ಬ್ಯಾಂಕ್ ನೋಡುವುದು ಎರಡೇ. ಸಹಿ ತನ್ನದೇನಾ? ಈ ನಂಬರ್ ಮೊದಲೇ ಬಂದಿದೆಯಾ? ಬಂದಿಲ್ಲ ಅಂದರೆ ಅಂಗಡಿಗೆ ದುಡ್ಡು. ಒಂದೇ ಚೀಟಿಯನ್ನು ಎರಡು ಸಲ ಬಳಸಲು ಹೋದರೆ ಸಿಕ್ಕಿಬೀಳುತ್ತದೆ. ಚೀಟಿ ಯಾರದ್ದು ಅಂತ ಮಾತ್ರ ಬ್ಯಾಂಕಿಗೂ ಗೊತ್ತಾಗುವುದಿಲ್ಲ. ಲಕೋಟೆಯ ಬದಲು ಗಣಿತ, ಅಷ್ಟೇ ವ್ಯತ್ಯಾಸ. ಇದನ್ನು ಕುರುಡು ಸಹಿ ಅನ್ನುತ್ತಾರೆ.

ಚಾಮ್ ಡಿಜಿಕ್ಯಾಶ್ ಅಂತ ಕಂಪನಿ ಕಟ್ಟಿದರು. 1995ರಲ್ಲಿ ಅಮೆರಿಕದ ಮಾರ್ಕ್ ಟ್ವೇನ್ ಬ್ಯಾಂಕ್ ಈ ಹಣವನ್ನು ಗ್ರಾಹಕರಿಗೆ ಕೊಡಲು ಶುರುಮಾಡಿತು. ಜನ ಜಾಸ್ತಿ ಬರಲಿಲ್ಲ, 1998ರಲ್ಲಿ ಡಿಜಿಕ್ಯಾಶ್ ದಿವಾಳಿಯಾಯಿತು. ಆದರೆ ಗಣಿತ ದಿವಾಳಿಯಾಗಿಲ್ಲ. ಟೇಲರ್ ಅನ್ನುವ ಮುಕ್ತ ತಂತ್ರಾಂಶ ಇವತ್ತು ಇದೇ ವಿಚಾರದ ಮೇಲೆ ನಿಂತಿದೆ. ಅದರಲ್ಲಿ ದುಡ್ಡು ಕೊಡುವವರ ಗುರುತು ಗುಟ್ಟು, ತಗೊಳ್ಳುವವರ ಆದಾಯ ಲೆಕ್ಕಕ್ಕೆ ಸಿಗುತ್ತದೆ. ತೆರಿಗೆ ಕದಿಯುವವರ ಬಗೆಗಿನ ಚಿಂತೆಗೆ ಇದಕ್ಕಿಂತ ನೇರವಾದ ಉತ್ತರ ಬೇಕಾ?

ಜನ ಕೇಳುತ್ತಿರುವುದೂ ಇದನ್ನೇ. ಡಿಜಿಟಲ್ ಯೂರೋ ಬಗ್ಗೆ ಯುರೋಪಿನ ಕೇಂದ್ರ ಬ್ಯಾಂಕ್ ಸಾರ್ವಜನಿಕರ ಅಭಿಪ್ರಾಯ ಕೇಳಿ 2021ರಲ್ಲಿ ಪ್ರಕಟಿಸಿತು. ಉತ್ತರಿಸಿದವರಲ್ಲಿ 43% ಜನ ಎಲ್ಲಕ್ಕಿಂತ ಮೊದಲು ಬೇಕಾದ್ದು ಖಾಸಗಿತನ ಅಂದಿದ್ದರು. ನಗದು ಬಳಕೆ ತುಂಬಾ ಕಡಿಮೆ ಇರುವ ನಾರ್ವೆ, 2024ರ ಅಕ್ಟೋಬರ್‌ನಿಂದ ಅಂಗಡಿಗಳಲ್ಲಿ ನಗದು ಕೊಡುವ ಗ್ರಾಹಕರ ಹಕ್ಕನ್ನು ಕಾನೂನಿನಲ್ಲೇ ಗಟ್ಟಿ ಮಾಡಿದೆ.

ಗುರುತು ಗುಟ್ಟಾಗಿಡುವ ಇಂಥ ಡಿಜಿಟಲ್ ಹಣ ನಮಗೆ ಸಿಗುವವರೆಗೆ ನಮ್ಮ ಕೈಯಲ್ಲಿ ಇರುವುದು ಸಣ್ಣ ಸಣ್ಣದು. ಡಾಕ್ಟರು, ವಕೀಲರು, ದೇಣಿಗೆ, ಇಂಥ ಕಡೆ ಆದಷ್ಟು ನಗದು ಕೊಡಿ. ಬಿಲ್ ಮಾಡುವಾಗ ಫೋನ್ ನಂಬರ್ ಕೇಳಿದರೆ 'ಬೇಡ' ಅನ್ನಿ, ಸಂಕೋಚ ಬೇಡ. ಜಂಟಿ ಖಾತೆ ಇದ್ದರೆ ನಿಮ್ಮ ಹೆಸರಿನಲ್ಲೇ ಇನ್ನೊಂದು ಖಾತೆ ಇರಲಿ, ಅದರ ಮೆಸೇಜ್ ನಿಮ್ಮ ಫೋನಿಗೇ ಬರಲಿ. ಈಗ ವಿಡಿಯೋ ನಿಲ್ಲಿಸಿ, ನಿಮ್ಮ ಪೇಮೆಂಟ್ ಆ್ಯಪ್‌ಗೆ ಕೊಟ್ಟಿರುವ ಅನುಮತಿಗಳ ಪಟ್ಟಿ ತೆರೆಯಿರಿ. ಕಾಂಟ್ಯಾಕ್ಟ್ಸ್, ಲೊಕೇಶನ್ ಎರಡನ್ನೂ ತೆಗೆದು ಒಂದು ಸಲ ದುಡ್ಡು ಕಳಿಸಿ ನೋಡಿ. ದುಡ್ಡು ಹೋದರೆ, ಅವನ್ನು ಮತ್ತೆ ಆನ್ ಮಾಡಬೇಡಿ.