ಚೈನು ಅರ್ಧದಲ್ಲೇ ನಿಂತಾಗ

ಗೇಟು, ಟಿಕೆಟ್ಟು, ಕೈಗೆ ಸುತ್ತಿದ ಪಟ್ಟಿ, ಇದೆಲ್ಲ ವಿಡಿಯೊದಲ್ಲಿ ನಿಮಗೆ ಕಾಣ್ತಾನೇ ಇದೆ, ನಾನೇನು ಹೇಳಲಿ. ನೇರ ರೋಲರ್ ಕೋಸ್ಟರ್ ಹತ್ತಿರ ಹೋಗೋಣ. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಎಲ್ಲರೂ ಮೊದಲು ಕಣ್ಣಿಗೆ ಬಿದ್ದ ರೈಡಿಗೇ ಮುಗಿಬೀಳುತ್ತಾರೆ. ನೀವು ಹಾಗೆ ಮಾಡಬೇಡಿ, ಹಿಂದಿನ ಮೂಲೆಯಿಂದ ಶುರು ಮಾಡಿ. ನಾನೂ ಹಾಗೇ ಅಂದುಕೊಂಡು ಬಂದವನು, ಆದರೆ ನೋಡಿ, ಮೊದಲು ಕಂಡ ಸಾಲಿನಲ್ಲೇ ನಿಂತಿದ್ದೇನೆ.

ಜೊತೆಗೆ ತಂಗಿ ಬಂದಿದ್ದಾಳೆ. ಅವಳು ಹತ್ತಲ್ಲ. "ನೀನು ಹೋಗಣ್ಣ, ನಾನು ಕೆಳಗಿಂದ ಚೆನ್ನಾಗಿ ಶೂಟ್ ಮಾಡ್ತೀನಿ" ಅಂದಳು. ಈ 'ಚೆನ್ನಾಗಿ' ಅನ್ನೋದನ್ನ ನೆನಪಿಟ್ಟುಕೊಳ್ಳಿ.

ಎದೆಗೆ ಕಟ್ಟಿಕೊಂಡಿದ್ದ ಸಣ್ಣ ಕ್ಯಾಮೆರಾ ಬಿಚ್ಚಿಸಿದರು. ಬೆಲ್ಟ್ ಇದೆ, ಬಿಗಿಯಾಗಿದೆ, ಬೇಕಾದರೆ ಎಳೆದು ನೋಡಿ ಅಂದೆ. ಎಳೆದು ನೋಡಿದರು. ಆಮೇಲೂ ಇಲ್ಲ ಅಂದರು. ಚಪ್ಪಲಿಯನ್ನೂ ಬಿಡಿಸಿದರು. ಹಾಗಾಗಿ ಮೇಲಿನಿಂದ ತೆಗೆದ ಒಂದು ಶಾಟೂ ಇಲ್ಲಿಲ್ಲ, ಕೆಳಗಿಂದ ತಂಗಿ ತೆಗೆದದ್ದೇ ಗತಿ.

ಈಗ ಕೇಳಿಸಿತಲ್ಲ, ಟಕ ಟಕ ಟಕ ಅಂತ? ಅದು ಚೈನಿನ ಸದ್ದು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಅಲ್ಲ. ಬೋಗಿಯ ಕೆಳಗೆ ಒಂದು ಕಬ್ಬಿಣದ ನಾಲಿಗೆ ಇರುತ್ತದೆ, ಹಳಿಗಳ ಮಧ್ಯೆ ಗರಗಸದ ಹಾಗೆ ಹಲ್ಲುಗಳ ಪಟ್ಟಿ. ಮೇಲೆ ಹೋಗುತ್ತಾ ನಾಲಿಗೆ ಒಂದೊಂದೇ ಹಲ್ಲು ದಾಟಿ ಬೀಳುತ್ತದೆ. ಚೈನು ಕಿತ್ತುಹೋದರೂ ಹಿಂದಕ್ಕೆ ಜಾರಬಾರದು ಅಂತ ಆ ಏರ್ಪಾಡು. ಸದ್ದು ಬರುತ್ತಿದ್ದರೆ ಖುಷಿ ಪಡಿ.

ನಮ್ಮದು ನಿಂತುಹೋಯಿತು.

ಅರ್ಧ ಏರಿಯೂ ಇರಲಿಲ್ಲ. ಬೆನ್ನು ಸೀಟಿಗೆ ಅಂಟಿ, ಮುಖ ಆಕಾಶಕ್ಕೆ. ಆಗಿದ್ದೇನು ಅಂದರೆ, ನನಗಿಂತ ಎರಡು ಸಾಲು ಮುಂದೆ ನೀಲಿ ಶರ್ಟಿನವನೊಬ್ಬ ಶರ್ಟಿನೊಳಗೆ ಬಚ್ಚಿಟ್ಟುಕೊಂಡಿದ್ದ ಫೋನು ತೆಗೆದು ಸೆಲ್ಫಿಗೆ ಕೈ ಚಾಚಿದ್ದಾನೆ. ಕೆಳಗೆ ಕಂಟ್ರೋಲ್ ರೂಮಿನವರಿಗೆ ಕಂಡಿದೆ, ಚೈನು ನಿಲ್ಲಿಸಿದ್ದಾರೆ. ಮೈಕಿನಲ್ಲಿ ಕೂಗಿದರು. ಅವನು ಫೋನು ಮತ್ತೆ ಶರ್ಟಿನೊಳಗೇ ತುರುಕಿಕೊಂಡ. ಅಷ್ಟಕ್ಕೇ ಬಿಡ್ತಾರಾ? ಹಳಿ ಪಕ್ಕದ ಮೆಟ್ಟಿಲು ಹತ್ತಿಕೊಂಡು ಒಬ್ಬರು ಬರಲಿಕ್ಕೆ ಶುರು ಮಾಡಿದರು. ಹತ್ತು ಮೆಟ್ಟಿಲು ಹತ್ತುತ್ತಾರೆ, ಕಂಬಿ ಹಿಡಿದು ನಿಲ್ಲುತ್ತಾರೆ, ಉಸಿರು ತಗೊಳ್ಳುತ್ತಾರೆ, ಮತ್ತೆ ಹತ್ತು. ಪಾಪ, ಅವರನ್ನ ಬೈಯೋ ಹಾಗೂ ಇಲ್ಲ.

ಕಾಲ ಕೆಳಗಿನ ತಗಡು ಬಿಸಿಲಿಗೆ ಕಾದಿತ್ತು. ಬರಿಗಾಲು ಬೇರೆ. ಹಿಮ್ಮಡಿ ಊರಿದರೆ ಸುಡುತ್ತೆ, ಬೆರಳು ಊರಿದರೂ ಸುಡುತ್ತೆ, ಎರಡೂ ಎತ್ತಿದರೆ ತೊಡೆ ಮೇಲಿನ ಕಂಬಿ ಒತ್ತುತ್ತೆ. ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟುಕೊಂಡು, ಸ್ವಲ್ಪ ಹೊತ್ತಿಗೊಮ್ಮೆ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಮಾಡುತ್ತಾ ಕೂತೆ.

ಪಕ್ಕದಲ್ಲಿ ಒಬ್ಬ ಹುಡುಗ, ಎತ್ತರ ಅಳೆಯುವ ಕೋಲಿನ ಹತ್ತಿರ ಕೂದಲು ಎಬ್ಬಿಸಿ ಪಾಸಾದವನು. "ಅಂಕಲ್, ನಮ್ಮನ್ನ ಇಲ್ಲೇ ಇಳಿಸಿಬಿಡ್ತಾರಾ?" ಅಂದ. ಅಂಕಲ್ ಅಂದದ್ದು ಬೇಜಾರಾಯಿತು, ಇರಲಿ. ಧೈರ್ಯ ತುಂಬೋಣ ಅಂತ ಹಳೇ ಕಥೆ ಹೇಳಿದೆ. 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡ್‌ನಲ್ಲಿ ಲಾಮಾರ್ಕಸ್ ಥಾಂಪ್ಸನ್ ಅನ್ನುವವರು ಇಂಥದ್ದೇ ಒಂದು ರೈಡ್ ಶುರು ಮಾಡಿದರು, ಅದರಲ್ಲಿ ಆ ತುದಿ ಮುಟ್ಟಿದ ಮೇಲೆ ಎಲ್ಲರೂ ಇಳಿಯಲೇಬೇಕಿತ್ತು, ಬಂಡಿಯನ್ನ ಪಕ್ಕದ ಹಳಿಗೆ ತಿರುಗಿಸಿದ ಮೇಲೆ ಮತ್ತೆ ಹತ್ತಿ ವಾಪಸ್ ಬರೋದು. "ಎಷ್ಟು ಜೋರಾಗಿ ಹೋಗ್ತಿತ್ತು?" ಅಂದ. ಗಂಟೆಗೆ ಸುಮಾರು 10 ಕಿಲೋಮೀಟರ್ ಅಂದೆ. "ನನ್ನ ಸೈಕಲ್ಲೇ ಇನ್ನೂ ಜೋರು" ಅಂದುಬಿಟ್ಟ. ಭಯ ಗಿಯ ಏನೂ ಇರಲಿಲ್ಲ ಅವನಿಗೆ, ಇದ್ದದ್ದೆಲ್ಲ ನನಗೇ.

ಕ್ಯಾಮೆರಾ ಬಿಚ್ಚಿಸಿದವರ ಮೇಲೆ ನನಗೆ ಸಿಟ್ಟಿತ್ತು ಅಲ್ವಾ. ಮೇಲೆ ಕೂತು ಲೆಕ್ಕ ಹಾಕಿದೆ. ಬಂಡಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ ಅನ್ನಿ, ಅಂದರೆ ಸೆಕೆಂಡಿಗೆ 22 ಮೀಟರ್. ಮುಂದಿನವನ ಕೈಯಿಂದ ಫೋನು ಜಾರಿತು. ಗಾಳಿ ತಡೆದು ಅದು ನಿಧಾನವಾಗುತ್ತೆ, ಹಿಂದಿನಿಂದ ನಾವು ಅದೇ ಜೋರಲ್ಲಿ ಹೋಗಿ ಅದಕ್ಕೆ ಮುಖ ಕೊಡಬೇಕು. ಅವನ ಫೋನು, ನನ್ನ ಹಲ್ಲು. ಬಿಚ್ಚಿಸಲಿ ಬಿಡಿ, ಎಲ್ಲರದ್ದೂ ಬಿಚ್ಚಿಸಲಿ.

ಅಂತೂ ಬಂದರು, ಫೋನು ತಗೊಂಡರು, ಒಂದು ಮಾತೂ ಆಡದೆ ಇಳಿದುಹೋದರು. ಮತ್ತೆ ಟಕ ಟಕ.

ಇಳಿಯೋ ಶಾಟ್ ಇದೇ. ಹೌದು, ಇದು ನನ್ನ ತಂಗಿಯ ಹೆಬ್ಬೆರಳು. ನಿಂತ ಬಂಡಿಯನ್ನ ಹನ್ನೊಂದು ನಿಮಿಷ ಶೂಟ್ ಮಾಡಿದ್ದಾಳೆ, ಇಳಿಯೋ ಹೊತ್ತಿಗೆ ಬೆರಳು. ಸದ್ದು ಕೇಳಿಕೊಳ್ಳಿ, ಸಾಕು.

ಮುಂದಿನ ಸೀಟೇ ಚೆನ್ನ ಅಂತ ಹೋದ ಸಲ ಹೇಳಿದ್ದೆ. ಆ ಮಾತು ವಾಪಸ್. ಹಿಂದಿನದೇ ಸರಿ. ತುದಿ ದಾಟುವಾಗ ಮುಂದಿನ ಬೋಗಿ ನಿಧಾನಕ್ಕೆ ಬಗ್ಗುತ್ತೆ, ಹಿಂದಿನವರು ತುದಿಗೆ ಬರೋ ಹೊತ್ತಿಗೆ ಮುಂದಿನದು ಆಗಲೇ ಇಳಿಯುತ್ತಾ ಎಳೆಯುತ್ತಿರುತ್ತೆ, ಹಾಗಾಗಿ ನಮ್ಮನ್ನ ಅನಾಮತ್ತಾಗಿ ಎತ್ತಿ ಆಚೆ ಎಸೆದ ಹಾಗೆ. ಅಲ್ಲಿಂದ ಮುಂದೆ ಇಂಜಿನ್ನೂ ಇಲ್ಲ ಏನೂ ಇಲ್ಲ, ಚೈನು ಏರಿಸಿಕೊಟ್ಟ ಎತ್ತರವೇ ಬಂಡವಾಳ.

ಆ ಸುತ್ತು ಇದೆಯಲ್ಲ, ವಿಡಿಯೊ ನಿಲ್ಲಿಸಿ ನೋಡಿ, ಬಳೆಯ ಹಾಗೆ ದುಂಡಗಿಲ್ಲ, ತಲೆಕೆಳಗಾದ ನೀರಿನ ಹನಿಯ ಹಾಗಿದೆ. ಚೂಪು ಕೆಳಗಿದೆ. 1895ರಲ್ಲಿ ಅದೇ ಕೋನಿ ಐಲೆಂಡ್‌ನಲ್ಲಿ ಪೂರ್ತಿ ದುಂಡಗೆ ಒಂದನ್ನ ಕಟ್ಟಿದ್ದರು. ಸುತ್ತಿನೊಳಗೆ ನುಗ್ಗಿದ ತಕ್ಷಣ ಮೈಭಾರವೆಲ್ಲ ಒಟ್ಟಿಗೆ ಹೆಚ್ಚಾಗಿ ಜನರ ಕತ್ತು ಉಳುಕುತ್ತಿತ್ತಂತೆ. ಹನಿಯ ಆಕಾರದಲ್ಲಿ ತಿರುವು ನಿಧಾನಕ್ಕೆ ಬಿಗಿಯಾಗುತ್ತೆ. ನನ್ನ ಕತ್ತು ಆದರೂ ನೋಯ್ತಿದೆ, ಅದು ಮೇಲೆ ನೋಡುತ್ತಾ ಕೂತಿದ್ದಕ್ಕೆ.

ಕಾರು ಡಿಕ್ಕಿ ಹೊಡೆಸೋದು ಫಾರ್ವರ್ಡ್ ಮಾಡ್ತೀನಿ. ಸರಪಳಿ ಉಯ್ಯಾಲೆ ಇದು. ದಪ್ಪ ಇದ್ದವರು ಜಾಸ್ತಿ ಆಚೆ ಹೋಗ್ತಾರೆ ಅಂತ ಸಾಲಿನಲ್ಲಿ ಯಾರೋ ನಗುತ್ತಿದ್ದರು, ಸುಳ್ಳು. ಖಾಲಿ ಕುರ್ಚಿ ನೋಡಿ, ನನ್ನ ಕುರ್ಚಿ ನೋಡಿ, ಹೆಚ್ಚುಕಮ್ಮಿ ಒಂದೇ ಓರೆ. ತೂಕಕ್ಕೂ ಅದಕ್ಕೂ ಸಂಬಂಧವಿಲ್ಲ. ಮೇಲಿಂದ ಧೊಪ್ಪಂತ ಬೀಳಿಸೋ ಆ ಗೋಪುರಕ್ಕೆ ನಾನು ಹತ್ತಲಿಲ್ಲ. ಬ್ರೇಕು ಅಯಸ್ಕಾಂತದ್ದು, ಕರೆಂಟು ಹೋದರೂ ಹಿಡಿಯುತ್ತೆ, ಗೊತ್ತು. ಗೊತ್ತಿದ್ದೂ ಹತ್ತಲಿಲ್ಲ.

ಇನ್ನು ದೊಡ್ಡ ಚಕ್ರ. ಇದಕ್ಕೆ ಕ್ಯಾಮೆರಾ ಬಿಡ್ತಾರೆ, ತಂಗಿಯೂ ಹತ್ತಿದಳು. ಗಾಳಿ ಚೆನ್ನಾಗಿದೆ, ಕೋಸ್ಟರ್ ಪೂರ್ತಿ ಕಾಣುತ್ತೆ, ನಾವು ನಿಂತಿದ್ದ ಜಾಗ ಅದು, ಆ ಮೂರನೇ ಕಂಬದ ಹತ್ತಿರ. ಇಷ್ಟು ಕೆಳಗೇನಾ? ಇನ್ನೂ ಎತ್ತರ ಇತ್ತು ಅನಿಸಿತ್ತು. ಅಯ್ಯೋ, ನಮ್ಮ ಮೇಲಿನ ಡಬ್ಬಿ ನೋಡಿ. ಅದೇ ನೀಲಿ ಶರ್ಟು. ಫೋನು ವಾಪಸ್ ಸಿಕ್ಕಿದೆ, ಕೈ ಪೂರ್ತಿ ಹೊರಗೆ ಚಾಚಿದ್ದಾನೆ. ಪುಟ್ಟಿ, ಒಳಗೆ ಸರಿದು ಕೂತ್ಕೋ.