ಬಿಷಪ್ ಚೆಡ್: ಹಾಲು, ಮೊಟ್ಟೆ, ಒಂದು ತುಂಡು ರೊಟ್ಟಿ

ಕೇಳುಗರಿಗೆ ನಮಸ್ಕಾರ.

7ನೇ ಶತಮಾನದಲ್ಲಿ ಇಂಗ್ಲೆಂಡ್ ಒಂದೇ ದೇಶವಾಗಿರಲಿಲ್ಲ. ನಾರ್ತಂಬ್ರಿಯ, ಮರ್ಸಿಯ, ಎಸೆಕ್ಸ್ ಎಂದು ಹಲವು ಸಣ್ಣ ರಾಜ್ಯಗಳು. ಒಬ್ಬ ರಾಜ ಕ್ರೈಸ್ತನಾದರೆ, ನೆರೆಯವನು ಹಳೆಯ ದೇವರುಗಳನ್ನು ಪೂಜಿಸುವವನು. ಅಂಥ ನಾಡಿನಲ್ಲಿ ಊರೂರು ಸುತ್ತಿ ಕ್ರೈಸ್ತ ಧರ್ಮ ಬೋಧಿಸಿದವರು ಎಸೆಕ್ಸ್‌ನ ಬಿಷಪ್ ಚೆಡ್. ಅವರ ಕಥೆ ನಮಗೆ ಸಿಗುವುದು ಚರಿತ್ರಕಾರ ಬೀಡ್ ಬರೆದಿಟ್ಟದ್ದರಿಂದ. ಬೀಡ್‌ಗೆ ಹೇಳಿದವರು ನಾರ್ತಂಬ್ರಿಯದಲ್ಲಿ ಚೆಡ್ ಕಟ್ಟಿದ ಲಾಸ್ಟಿಂಗ್‌ಹ್ಯಾಮ್ ಮಠದವರೇ.

ಆ ಮಠ ಹುಟ್ಟಿದ ಬಗೆ ನನಗೆ ಬಹಳ ಇಷ್ಟ. ಅಲ್ಲಿನ ರಾಜ ಎಥೆಲ್ವಾಲ್ಡ್ ಭೂಮಿ ಕೊಡಲು ಮುಂದಾದಾಗ ಚೆಡ್ ಆರಿಸಿಕೊಂಡದ್ದು ಕಳ್ಳರು, ಕಾಡುಮೃಗಗಳು ಅಡಗುವಂಥ ದುರ್ಗಮ ಗುಡ್ಡಗಾಡು. ಕಟ್ಟುವ ಮೊದಲು ಆ ನೆಲ ಶುದ್ಧವಾಗಬೇಕೆಂದು 40 ದಿನದ ಉಪವಾಸ ಹಿಡಿದರು. ಭಾನುವಾರ ಬಿಟ್ಟು ಉಳಿದ ದಿನಗಳಲ್ಲಿ ಸಂಜೆಯವರೆಗೆ ಏನೂ ಇಲ್ಲ. ಆಮೇಲೆ ಒಂದು ತುಂಡು ರೊಟ್ಟಿ, ಒಂದು ಕೋಳಿಮೊಟ್ಟೆ, ನೀರು ಬೆರೆಸಿದ ಒಂದಿಷ್ಟು ಹಾಲು. ಇನ್ನು 10 ದಿನ ಇರುವಾಗ ರಾಜನಿಂದ ಕರೆ ಬಂತು. ವ್ರತ ಮುರಿಯಬಾರದಲ್ಲ! ಉಳಿದ ದಿನಗಳನ್ನು ಅವರ ಸೋದರ, ಪಾದ್ರಿ ಸಿನಿಬಿಲ್ ಪೂರೈಸಿದರು.

ತನ್ನನ್ನೇ ಹೀಗೆ ದಂಡಿಸಿಕೊಂಡವರು ರಾಜನಿಗೂ ಹೆದರಬೇಕಾಗಿರಲಿಲ್ಲ. ಎಸೆಕ್ಸ್‌ನಲ್ಲಿ ಅಕ್ರಮ ವಿವಾಹವಾಗಿದ್ದ ಒಬ್ಬ ಸಿರಿವಂತನನ್ನು ಚೆಡ್ ಬಹಿಷ್ಕರಿಸಿ, ಅವನ ಮನೆಯಲ್ಲಿ ಯಾರೂ ಉಣ್ಣಬಾರದೆಂದರು. ಎಸೆಕ್ಸ್‌ನ ರಾಜ ಸಿಗೆಬರ್ಟ್ ಅಲ್ಲಿಗೇ ಊಟಕ್ಕೆ ಹೋದ. ಹಿಂದಿರುಗುವಾಗ ದಾರಿಯಲ್ಲಿ ಚೆಡ್ ಎದುರಾದರು. ರಾಜ ಕುದುರೆಯಿಂದ ಇಳಿದು ಕಾಲಿಗೆ ಬಿದ್ದ. ಚೆಡ್ ಕೈಯ ಕೋಲನ್ನು ತಾಗಿಸಿ, ಅದೇ ಮನೆಯಲ್ಲಿ ನಿನಗೆ ಸಾವು ಬರುತ್ತದೆ ಎಂದರಂತೆ. ಮುಂದೆ ಅದೇ ಮನೆಯಲ್ಲಿ ಅವನ ಬಂಧುಗಳೇ ಅವನನ್ನು ಕೊಂದರು. ಶತ್ರುಗಳನ್ನು ಅತಿಯಾಗಿ ಕ್ಷಮಿಸುತ್ತಾನೆ ಎಂಬುದು ಆ ಬಂಧುಗಳ ದೂರು!

ಆದರೆ ಚೆಡ್ ಹಟಮಾರಿಯಲ್ಲ. 664ರಲ್ಲಿ ನಾರ್ತಂಬ್ರಿಯದ ವಿಟ್ಬಿಯಲ್ಲಿ ಈಸ್ಟರ್ ಹಬ್ಬದ ದಿನ ಯಾವುದೆಂದು ಕ್ರೈಸ್ತರ ಐರಿಷ್ ಪಂಗಡಕ್ಕೂ ರೋಮಿನ ಪಂಗಡಕ್ಕೂ ವಾದ ನಡೆಯಿತು. ಎರಡೂ ಕಡೆಯ ಮಾತನ್ನು ಪರಸ್ಪರ ತಿಳಿಸಿಕೊಟ್ಟವರು ಇವರೇ. ತಾವು ಬೆಳೆದದ್ದು ಐರಿಷ್ ಪದ್ಧತಿಯಲ್ಲಿ, ತೀರ್ಪು ಬಂದದ್ದು ರೋಮಿನ ಪರ. ಚೆಡ್ ಒಪ್ಪಿಕೊಂಡರು.

ಅದೇ ವರ್ಷ ಪ್ಲೇಗು ಬಂತು. ಲಾಸ್ಟಿಂಗ್‌ಹ್ಯಾಮ್‌ಗೆ ಬಂದಿದ್ದ ಚೆಡ್ ಅಲ್ಲೇ ತೀರಿಕೊಂಡರು. ಸುದ್ದಿ ಕೇಳಿ, ಅವರ ಸಮಾಧಿಯ ಬಳಿಯೇ ಬದುಕೋಣ, ಸಾಯೋಣ ಎಂದು ಎಸೆಕ್ಸ್‌ನಿಂದ ಸುಮಾರು 30 ಸನ್ಯಾಸಿಗಳು ಹೊರಟು ಬಂದರು. ಪ್ಲೇಗು ಅವರನ್ನೂ ಬಿಡಲಿಲ್ಲ. ಉಳಿದವನು ಒಬ್ಬ ಚಿಕ್ಕ ಹುಡುಗ ಮಾತ್ರ. ಇತ್ತ ಎಸೆಕ್ಸ್‌ನಲ್ಲಿ ರೋಗಕ್ಕೆ ಹೆದರಿದ ಅನೇಕರು ಹಳೆಯ ದೇವರುಗಳ ಕಡೆಗೇ ಮರಳಿದರು. ಮರ್ಸಿಯದಿಂದ ಬಿಷಪ್ ಜರುಮನ್ ಬಂದು ಮತ್ತೆ ಬೋಧಿಸಬೇಕಾಯಿತು.

ಚೆಡ್ ಅವರ ಸೋದರ ಚಾಡ್ ಲಾಸ್ಟಿಂಗ್‌ಹ್ಯಾಮ್ ಮಠವನ್ನು ವಹಿಸಿಕೊಂಡು, ಮುಂದೆ ಲಿಚ್‌ಫೀಲ್ಡಿನ ಬಿಷಪ್ ಆದರು. ಎಸೆಕ್ಸ್ ಕಡಲತೀರದ ಬ್ರಾಡ್‌ವೆಲ್‌ನಲ್ಲಿ, ಪಾಳುಬಿದ್ದ ರೋಮನ್ ಕೋಟೆಯ ಕಲ್ಲುಗಳಿಂದ ಚೆಡ್ ಕಾಲದಲ್ಲಿ ಎದ್ದ ಚರ್ಚು ಬಹುಕಾಲ ರೈತರ ಕಣಜವಾಗಿತ್ತು. 1920ರಲ್ಲಿ ಅದನ್ನು ಮತ್ತೆ ಪ್ರಾರ್ಥನೆಗೆ ತೆರೆದರು. ಈಗಲೂ ಅಲ್ಲಿಗೆ ಜನ ಯಾತ್ರೆ ಹೋಗುತ್ತಾರೆ.